ರೈಟ್ ಅಂದರೆ ಹೊರಡುವ ಮನೆ

ಬಸ್ ಡ್ರೈವರ್ ಕೆಲಸದಿಂದ ರಿಟೈರ್ ಆದಮೇಲೆ ಹಳೆಯ ಮಿನಿಬಸ್ಸೊಂದನ್ನು ಕೊಂಡು, ಅದರೊಳಗೆ ಮಂಚ, ಗ್ಯಾಸ್ ಒಲೆ, ನೀರಿನ ಟಾಕಿ ಕೂಡಿಸಿ, ನಾನೂ ನನ್ನ ಹೆಂಡತಿಯೂ ನೆಂಟರನ್ನು ನೋಡಲು ಹೊರಟೆವು. ಅಂದಿನಿಂದ ನಾವು ಮನೆಯಲ್ಲಿದ್ದೇವೋ ಪರವೂರಲ್ಲಿದ್ದೇವೋ ನಮಗೂ ತಿಳಿಯದು, ನೋಡಿದವರಿಗೂ ತಿಳಿಯದು.

ಈ ಗಾಡಿಯ ಹಿಂದೆ ಹೆಂಡತಿಯದೊಂದು ಹಂಚಿಕೆ ಇತ್ತು. ಅಂದೋಲಾದಲ್ಲಿರುವ ಅಕ್ಕನ ಜೊತೆ ಆಕೆ ದಿನಾ ಫೋನಿನಲ್ಲಿ ಮಾತಾಡುತ್ತಾಳೆ, ಮುಖ ನೋಡಿ ಮಾತ್ರ ವರ್ಷಗಳೇ ಆಗಿವೆ. "ಮೊದಲ ನೀ ನಮ್ಮನಿಗಿ ಬಾ" ಎಂದು ಇಬ್ಬರದೂ ಒಂದೇ ಹಟ. ಅಕ್ಕನನ್ನು ನೋಡುವ ಆಸೆ ಬೆಟ್ಟದಷ್ಟು. ಹಟ ಅದರ ಮೇಲೊಂದು ಹಿಡಿ.

"ಮನಿನೇ ಆಕಿ ಬಾಗಲಿಗಿ ಒಯ್ದರ, ಹೆಂಗ ಬರಂಗಿಲ್ಲ ನೋಡ್ತೀನಿ" ಎಂದಳು.

ಆಳಂದದ ಪ್ಯಾಸೆಂಜರ್

ಆಳಂದ ದಾಟಿ ಒಂದು ಬಸ್ ಸ್ಟಾಪಿನಲ್ಲಿ ನನ್ನ ಕಾಲು ತಾನಾಗೇ ಬ್ರೇಕ್ ಒತ್ತಿತು. ಹಳೇ ಚಟ. ಬುಟ್ಟಿ ಹಿಡಿದ ಅಜ್ಜಿಯೊಬ್ಬರು ಹತ್ತಿ, ಮಂಚದ ಮೇಲೆ ಕೂತು, ನನ್ನ ಹೆಂಡತಿಗೆ ಆಧಾರ್ ಕಾರ್ಡ್ ತೋರಿಸಿದರು. ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಅಲ್ಲವೇ! ಹೆಂಡತಿ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಏನೂ ತೋಚದೆ, ಚಹಾ ಸೋಸಿ ಕೊಟ್ಟಳು.

ಇಳಿಯುವಾಗ ಅಜ್ಜಿ ಕೇಳಿದರು: "ಚಾ ಭೀ ಫ್ರೀ ಮಾಡ್ಯಾರೇನವ್ವ? ಬಿಸ್ಕೀಟ್ ಎಂದಿನಿಂದ?"

ಅತನೂರಿನ ಅತಿಥಿ

ಅಫಜಲಪುರ ತಾಲ್ಲೂಕಿನ ಅತನೂರಿನಲ್ಲಿ ನನ್ನ ತಮ್ಮನ ಮನೆ. ಅವನಿಗೆ ತೊಂದರೆ ಬೇಡವೆಂದು, "ನಾವು ಗಾಡ್ಯಾಗೇ ಮಲಗ್ತೀವಿ" ಅಂದೆ. ಅವನ ಮುಖ ಊದಿತು.

"ನಮ್ಮ ಮನ್ಯಾಗ ಜಾಗ ಇಲ್ಲೇನಣ್ಣಾ?"

ಸರಿ, ಒಳಗೇ ಮಲಗಿದೆವು. ಗಾಡಿ ಹೇಗಿದೆ ನೋಡುತ್ತೇವೆಂದು ಹತ್ತಿದ ತಮ್ಮನ ಸಂಸಾರ ಪೂರಾ ಅಲ್ಲೇ ಮಲಗಿಬಿಟ್ಟಿತು. ಬೆಳಿಗ್ಗೆ ಯಾರೋ ಮನೆಯ ಬಾಗಿಲು ಬಡಿದದ್ದಕ್ಕೆ ನಾನೇ ಎದ್ದು ತೆಗೆದರೆ, ತಮ್ಮ!

"ಬಾ ಬಾ, ಯಾವಾಗ ಬಂದಿ?" ಅಂದೆ, ನಿದ್ದೆಗಣ್ಣಿನಲ್ಲಿ.

ಅವನೂ ಸಂಕೋಚದಿಂದ ಚಪ್ಪಲಿ ಬಿಟ್ಟು, "ಈಗೇ ಬಂದೆ ಅಣ್ಣಾ, ಭಾಳ ಹೊತ್ತು ಕೂಡಂಗಿಲ್ಲ" ಅಂದ.

ಅಂದೋಲಾದ ಹೊಸ್ತಿಲು

ಜೇವರ್ಗಿ ದಾಟಿ ಅಂದೋಲಾ ಮುಟ್ಟಿದೆವು. ಅಕ್ಕನ ಬಾಗಿಲಿಗೆ ಸರಿಯಾಗಿ ಗಾಡಿಯ ಬಾಗಿಲು ಬರುವಂತೆ ನಿಲ್ಲಿಸಿದೆ. ಅಲ್ಲಿ ಹೊಸ್ತಿಲಲ್ಲಿ ಅಕ್ಕ, ಇಲ್ಲಿ ಮೆಟ್ಟಿಲಲ್ಲಿ ತಂಗಿ. ಇಬ್ಬರ ಕಣ್ಣಲ್ಲೂ ನೀರು, ಕಾಲು ಮಾತ್ರ ಕದಲವು.

"ಇಳಿ, ಒಳಗ ಬಾ."

"ನಾ ನನ್ನ ಮನ್ಯಾಗ ಇದ್ದೀನಿ ಅಕ್ಕಾ. ನೀನೇ ಬಾ."

ಅಕ್ಕನ ಗಂಡ ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಯಾರು ಯಾರ ಮನೆಗೆ ಬಂದ ಹಾಗಾಯಿತು, ಇಬ್ಬರಿಗೂ ಬಗೆಹರಿಯಲಿಲ್ಲ.

ಅಷ್ಟರಲ್ಲಿ ಗಾಡಿಯೊಳಗೆ ಹೆಂಡತಿ ತವೆಗೆ ಹಾಕಿ ಮರೆತಿದ್ದ ರೊಟ್ಟಿ ಕಮರು ವಾಸನೆ ಬಿಟ್ಟಿತು. "ಅಯ್ಯ, ರೊಟ್ಟಿ ಸುಟ್ಟು ಹೋಗಾಕತ್ತದ!" ಎಂದು ಅಕ್ಕ ಒಂದೇ ಹೆಜ್ಜೆಗೆ ಹತ್ತಿ, ರೊಟ್ಟಿ ತಿರುವಿ, ಒಲೆ ಆರಿಸಿ, ಹೇಗಿದೆ ನೋಡೋಣವೆಂದು ಶೇಂಗಾ ಹಿಂಡಿಯೆಂಬ ಚಟ್ನಿಪುಡಿ ಹಚ್ಚಿಕೊಂಡು ತಿನ್ನುತ್ತ ಕೂತರು. ಹಿಂದೆ ಹತ್ತಿಯ ಮೂಟೆ ಹೇರಿದ ಟ್ರ್ಯಾಕ್ಟರ್ ಹಾರ್ನ್ ಬಾರಿಸಿತು. ಯಾರೋ ಗಾಡಿಯ ಬೆನ್ನಿಗೆ ತಟ್ಟಿ "ರೈಟ್!" ಅಂದರು. ರೈಟ್ ಅಂದಮೇಲೆ ನಾನು ನಿಲ್ಲುವವನಲ್ಲ. ಹೊರಟೆ.

ಊರು ದಾಟಿದ ಮೇಲೆ ಅಕ್ಕನ ಫೋನು ರಿಂಗಾಯಿತು. ಗಂಡ.

"ಎಲ್ಲಿದ್ದೀಯೇ?"

"ತಂಗಿ ಮನ್ಯಾಗ ರೊಟ್ಟಿ ತಿನ್ನಾಕತ್ತೀನ್ರಿ!"

ನನ್ನ ಹೆಂಡತಿ ಚಪ್ಪಾಳೆ ತಟ್ಟಿ ಕುಣಿದಳು. "ಬಂದಿ ನೋಡು ಅಕ್ಕಾ! ನೀನೇ ಮೊದಲ ಬಂದಿ!"

ಅಕ್ಕ ಕಿಟಕಿಯಿಂದ ಆಚೆ ನೋಡಿದರು. ಅವರ ಮನೆಯೂ ಇಲ್ಲ, ಊರೂ ಇಲ್ಲ, ಬರೀ ತೊಗರಿ ಹೊಲ.

"ನಾ ಎಲ್ಲಿ ಬಂದೀನೇ? ನಿನ್ನ ಮನಿನೇ ನನ್ನ ಹೊತ್ಕೊಂಡ್ ಬಂದದ! ಹಾಕು, ಇನ್ನೊಂದು ರೊಟ್ಟಿ ಹಾಕು."