ಬೀಳದವಳನ್ನು ಹನ್ನೊಂದು ಸಲ ಬೀಳಿಸಿದ ಚಾವಣಿಯ ಕಣ್ಣಿಗೆ

ಹನ್ನೆರಡನೇ ಕೋಣೆಯ ಚಾವಣಿಯಲ್ಲಿ ವಿರಾಜಮಾನರಾಗಿರುವ, ಊಟ ನಿದ್ರೆಗಳ ಹಂಗಿಲ್ಲದ ಸೆನ್ಸರ್ ಮಹಾಶಯರಿಗೆ, ಅದೇ ಕೋಣೆಯ ನಿವಾಸಿಯಾದ ಮುದಿ ದರ್ಜಿಯ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗವನ್ನು ಮನಸ್ಸಿನಲ್ಲೇ ಮಾಡಿದ್ದೇನೆ. ನಿಜವಾಗಿ ಮಾಡಿದರೆ ಅದನ್ನೂ ತಾವು 'ಬಿದ್ದರು' ಎಂದು ಬರೆದುಕೊಳ್ಳುತ್ತೀರಿ.

ಮಾನ್ಯರೇ,

ಬಿದ್ದವರನ್ನು ಪತ್ತೆಹಚ್ಚಲೆಂದು ಈ ವೃದ್ಧಾಶ್ರಮಕ್ಕೆ ತಾವು ದಯಮಾಡಿಸಿದಂದಿನಿಂದ ನನ್ನ ಮೇಲೆ ಇಟ್ಟಿರುವಷ್ಟು ಕಣ್ಣನ್ನು ನನ್ನ ಅತ್ತೆಯೂ ಇಟ್ಟಿರಲಿಲ್ಲ. ನಲವತ್ತೆರಡು ವರ್ಷ ನೆಲದ ಮೇಲೆ ಕುಳಿತೇ ಬಟ್ಟೆ ಕತ್ತರಿಸಿದವಳು ನಾನು. ಎತ್ತರದಲ್ಲಿ ಕುಳಿತು ಕತ್ತರಿಸಿದರೆ ಅಂಚು ಓರೆಯಾಗುತ್ತದೆಂಬುದು ನನ್ನ ಹಠ. ಈಗಲೂ ತಿಂಡಿಯಾದ ಮೇಲೆ ಬಟ್ಟೆ ಹಾಸಿ, ಸೀಮೆಸುಣ್ಣ ಹಿಡಿದು ಕೂರುತ್ತೇನೆ. ಕೂತ ಮೂರನೇ ನಿಮಿಷಕ್ಕೆ ತಮ್ಮ ದೂರು ಕೆಳಗಿನ ಕಂಪ್ಯೂಟರಿಗೆ ಮುಟ್ಟಿ, ನರ್ಸಮ್ಮ ಎದ್ದೆನೋ ಬಿದ್ದೆನೋ ಎಂದು ಮೆಟ್ಟಿಲು ಹತ್ತಿ ಬಂದು, "ಅಜ್ಜಿ, ನೀವು ಬಿದ್ದಿಲ್ಲ ಅಂತ ನನಗೆ ಗೊತ್ತು, ಆದ್ರೆ ಕಂಪ್ಯೂಟರಲ್ಲಿ ಬಿದ್ದಿದೀರಿ, ನಾನೇನು ಮಾಡ್ಲಿ" ಎಂದು ಏದುಸಿರು ಬಿಡುತ್ತಾರೆ. ಈ ತಿಂಗಳು ಹೀಗೆ ಹನ್ನೊಂದು ಸಲವಾಯಿತು. ಹನ್ನೆರಡನೆಯದು ದಾಖಲಾದರೆ ನನ್ನನ್ನು ಮೂರನೇ ಮಹಡಿಯ ನಿಗಾ ಕೋಣೆಗೆ ಸಾಗಿಸಬೇಕೆಂದು ವ್ಯವಸ್ಥಾಪಕರ ಆದೇಶ. ಅಲ್ಲಿ ಮಂಚಕ್ಕೆ ಕಂಬಿ, ಬಾಗಿಲಿಗೆ ಬೀಗ; ಕತ್ತರಿಯನ್ನಂತೂ ಒಳಗೇ ಬಿಡುವುದಿಲ್ಲ.

ತಮ್ಮ ಸೂಕ್ಷ್ಮದೃಷ್ಟಿಯನ್ನು ಹೊಗಳದಿದ್ದರೆ ತಪ್ಪಾದೀತು. ಮೊನ್ನೆ ಮಧ್ಯಾಹ್ನ ಪಕ್ಕದ ಮಂಚದ ಟೀಚರಮ್ಮ ಕುರ್ಚಿಯಲ್ಲಿ ಕುಳಿತಲ್ಲೇ ಪ್ರಜ್ಞೆ ತಪ್ಪಿದಾಗ ತಾವು 'ವಿಶ್ರಾಂತಿಯಲ್ಲಿದ್ದಾರೆ' ಎಂದು ಹಸಿರು ದೀಪ ಬೆಳಗಿಸಿದಿರಿ. ಅವರ ಕೈಯಿಂದ ಜಾರಿದ ಉಣ್ಣೆಯುಂಡೆ ಉರುಳುತ್ತಾ ನನ್ನ ಬಟ್ಟೆಯ ಮೇಲೆ ಬಂತು. ನೆಲದ ಮೇಲಿದ್ದುದರಿಂದ ನನಗೆ ಕಂಡಿತು, ಕೂಗಿಕೊಂಡೆ. ಈಗ ಅವರು ನನ್ನ ಹೊಲಿಗೆಯಲ್ಲಿ ತಪ್ಪು ಹುಡುಕುವಷ್ಟು ಚೇತರಿಸಿಕೊಂಡಿದ್ದಾರೆ. ನಾನು ಮೇಲೆ ಹೋದರೆ ಅವರ ಜೊತೆ ಉಳಿಯುವವರು ತಾವೊಬ್ಬರೇ ಎಂದು ನೆನೆದರೆ ನನಗೆ ನಿಜಕ್ಕೂ ಭಯವಾಗುತ್ತದೆ.

ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ಒಮ್ಮೆ ಕೆಳಗಿಳಿದು, ನನ್ನೆದುರು ಚಕ್ಕಳಮಕ್ಕಳ ಹಾಕಿ ಕುಳಿತರೆ, ಕೂರುವುದಕ್ಕೂ ಬೀಳುವುದಕ್ಕೂ ಇರುವ ವ್ಯತ್ಯಾಸವನ್ನು ಕಲಿಸಿಕೊಡುತ್ತೇನೆ. ಮಂಡಿಗಳಿಲ್ಲವೆಂದು ಸಂಕೋಚಪಡಬೇಡಿ, ವ್ಯವಸ್ಥಾಪಕರ ಮಂಡಿಗಳನ್ನು ಎರವಲು ತನ್ನಿ. ಅವರು ಕುರ್ಚಿ ಬಿಟ್ಟೇಳುವುದು ಅಪರೂಪವಾದ್ದರಿಂದ ಇನ್ನೂ ಸವೆದಿರಲಿಕ್ಕಿಲ್ಲ.

ತಮ್ಮ ವಿಶ್ವಾಸಿ,
ಕೂತವಳು
(ತಮ್ಮ ದಾಖಲೆಯಂತೆ, ಬಿದ್ದವಳು)

ವಿ.ಸೂ.: ತಮಗಾಗಿ ದಪ್ಪ ಕಪ್ಪು ಬಟ್ಟೆಯಲ್ಲಿ ಎರಡು ಪದರದ ಒಂದು ಟೊಪ್ಪಿ ಹೊಲಿದಿದ್ದೇನೆ. ಹನ್ನೆರಡನೆಯದಾಗಬಾರದೆಂದು ಮಂಚದ ಮೇಲೆ ಕುಳಿತು ಕತ್ತರಿಸಿದ್ದರಿಂದ ಅಂಚು ಕೊಂಚ ಓರೆಯಾಗಿದೆ, ಕ್ಷಮಿಸಿ. ಏಣಿ ಹತ್ತಿ ಅಳತೆ ತೆಗೆದುಕೊಟ್ಟ ನರ್ಸಮ್ಮನೇ ಇಂದು ಸಂಜೆ ತೊಡಿಸಲಿದ್ದಾರೆ. ಬಿಗಿಯಾದರೆ ಕೆಳಗಿನ ಕಂಪ್ಯೂಟರಿಗೆ ತಿಳಿಸಿ.