ಗಾಡಿ ಎಬ್ಬಿಸಿದ ಗಂಟಲು

ನನ್ನ ಗಂಟಲಿನ ಮೇಲೆ ನನಗೊಂದು ದೂರಿದೆ. ಬೇಕಾದಾಗ ಅದು ಇರುವುದಿಲ್ಲ. ಬೇಡವಾದಾಗ ಎಲ್ಲಿಂದಲೋ ಬಂದುಬಿಡುತ್ತದೆ. ಶಾಲೆಯಲ್ಲಿ ಹಾಜರಿ ಕೂಗುವಾಗ ‘ಇದ್ದೀನಿ ಸಾರ್’ ಎನ್ನಲು ಬಾಯಿ ತೆರೆಯುತ್ತಿದ್ದೆ. ಬರೀ ಗಾಳಿ ಬರುತ್ತಿತ್ತು. ಹೀಗಾಗಿ ದಿನವೂ ಹೋಗಿಯೂ ಶಾಲೆಯ ಪಾಲಿಗೆ ನಾನು ಕಾಯಂ ಗೈರುಹಾಜರು. (ಇಲ್ಲದವಳು ಹೋಗಿ ಕೂರುವುದು ಯಾವ ನ್ಯಾಯ ಎಂದುಕೊಂಡು ಕೊನೆಗೆ ನಿಜವಾಗಿಯೇ ಬಿಟ್ಟೆ.) ಹಾಜರಿ ಕೂಗುತ್ತಿದ್ದ ಲೆಕ್ಕದ ಮೇಷ್ಟ್ರ ಮನೆ ನಮ್ಮ ಎದುರಿಗೇ. ಅವರ ಕಣ್ಣಿಗೆ ಬೀಳಬಾರದೆಂದು ಬೀದಿ ಬಾಗಿಲಿಗೂ ಬಾರದೆ, ಮನೆ ಪಕ್ಕದ ಶೆಡ್ಡು ಸೇರಿಕೊಂಡೆ.

ಅಲ್ಲಿತ್ತು ತೀರಿಕೊಂಡ ಅಜ್ಜನ ಡೀಸೆಲ್ ಕಾರು. ಅಜ್ಜನ ನಂತರ ಅದನ್ನು ಯಾರೂ ಮುಟ್ಟಿರಲಿಲ್ಲ. ಅದರ ನೆತ್ತಿಯ ಮೇಲೆ ಮುರಿದ ಕುರ್ಚಿ, ರೆಕ್ಕೆ ಕಳೆದುಕೊಂಡ ಫ್ಯಾನು, ಅಪ್ಪ ಹೊಟ್ಟೆ ಕರಗಿಸಲು ತಂದು ಒಂದೇ ವಾರಕ್ಕೆ ಕೈಬಿಟ್ಟ ವ್ಯಾಯಾಮದ ಸಾಮಾನು, ಎಲ್ಲವೂ ಚಿರನಿದ್ರೆಯಲ್ಲಿದ್ದವು.

ಒಂದು ದಿನ ಊಟದ ಮಧ್ಯೆ ಅಪ್ಪ ಬಾಂಬು ಹಾಕಿದರು.

“ಭಾನುವಾರ ಗುಜರಿಯವನು ಬರ್ತಾನೆ. ಕಾರು ಅವನ ಪಾಲು. ಸೋಮವಾರದಿಂದ ನೀನು ಶಾಲೆ ಪಾಲು. ಇಬ್ರೂ ಶೆಡ್ಡಲ್ಲಿ ನಿಂತು ತುಕ್ಕು ಹಿಡಿದಿದ್ದು ಸಾಕು.”

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. “ಕಾರು ಎದ್ರೆ?” ಎಂದೆ.

“ಏನು? ಜೋರಾಗಿ ಹೇಳು!”

ಪಕ್ಕದಲ್ಲಿದ್ದ ಅಜ್ಜಿ (ನನ್ನ ಅಧಿಕೃತ ವಕ್ತಾರರು) ಹೇಳಿದರು: “ಕಾರು ಎದ್ರೆ ಅಂತಿದಾಳೆ ಕಣೋ.”

ಅಪ್ಪ ನಕ್ಕ ರಭಸಕ್ಕೆ ನೀರು ನೆತ್ತಿಗೇರಿತು. “ಅದು ಎದ್ರೆ ಈ ಜನ್ಮದಲ್ಲಿ ನಾನು ಶಾಲೆ ಮಾತು ಎತ್ತಲ್ಲ!”

ಅಷ್ಟು ಸಾಕಾಗಿತ್ತು. ಅಜ್ಜನ ಹಳೆಯ ರಿಪೇರಿ ಪುಸ್ತಕವನ್ನು ಎರಡು ಸಲ ಓದಿಕೊಂಡು ಕಾರಿನಡಿ ತೂರಿದೆ. ಇಂಜಿನ್ನಿನ ತಳದ ಬೋಲ್ಟು ಬಿಚ್ಚಿದರೆ ಹಳೆ ಆಯಿಲ್ ಸುರಿಯಬೇಕು. ಸುರಿಯಲಿಲ್ಲ. ಬೆರಳು ತೂರಿಸಿದೆ, ಬೆರಳು ವಾಪಸು ಬರಲೋ ಬೇಡವೋ ಎಂದು ಯೋಚಿಸಿತು. ತಳವನ್ನೇ ಕಳಚಿ ನೋಡಿದೆ. ಒಳಗಿದ್ದದ್ದು ಆಯಿಲಲ್ಲ, ಡಾಂಬರಿನಂಥ ರಾಡಿ. ಮೊದಲಿಗೆ ಚಮಚದಿಂದ ಕೆರೆದೆ. ಚಮಚ ಬಾಗಿತು. ಆಮೇಲೆ ಅಡುಗೆಮನೆಗೆ ಹೋಗಿ ಇನ್ನೂ ಗಟ್ಟಿಯಾದದ್ದನ್ನು ತಂದೆ.

“ಅಯ್ಯಯ್ಯೋ, ಅದು ನನ್ನ ಮರದ ಸೌಟಲ್ವೇನೇ?” ಶೆಡ್ಡಿನ ಬಾಗಿಲಲ್ಲಿ ಅಮ್ಮ ಹೌಹಾರಿದರು.

“ತೊಳೆದು ಕೊಡ್ತೀನಮ್ಮ.”

“ತೊಳೆದು? ಸಮುದ್ರದಲ್ಲಿ ಅದ್ದಿದ್ರೂ ಅದು ಇನ್ನು ಅಡುಗೆಮನೆ ಹೊಸ್ತಿಲು ತುಳಿಯೋ ಹಾಗಿಲ್ಲ!”

ಬಿಚ್ಚಿದ ಪ್ರತಿಯೊಂದು ಬೋಲ್ಟನ್ನೂ ಮೊಟ್ಟೆ ಇಡುವ ತಟ್ಟೆಯ ಒಂದೊಂದು ಗುಳಿಯಲ್ಲಿಟ್ಟು ಚೀಟಿ ಅಂಟಿಸಿದೆ. ಸೀಮೆಎಣ್ಣೆ, ಹಲ್ಲುಜ್ಜುವ ಬ್ರಷ್ಷು (ಅಪ್ಪನದು, ಹಳೆಯದೆಂದುಕೊಂಡಿದ್ದೆ), ಹಳೆ ಬನಿಯನ್ನು, ಎಲ್ಲವೂ ಆ ಮಹಾಯಜ್ಞಕ್ಕೆ ಆಹುತಿಯಾದವು. ಶನಿವಾರ ಸಂಜೆ ಎಲ್ಲ ಜೋಡಿಸಿ, ಹೊಸ ಆಯಿಲ್ ಹಾಕಿ, ಅಳತೆಕಡ್ಡಿ ಅದ್ದಿ ನೋಡಿದೆ. ಗೆರೆಗೆ ಸರಿಯಾಗಿತ್ತು, ಕೂದಲೆಳೆಯಷ್ಟೂ ಹೆಚ್ಚಿಲ್ಲ. ಕಿವಿಯವರೆಗೆ ಕಪ್ಪಾಗಿ ಮನೆಯೊಳಗೆ ಬಂದ ನನ್ನನ್ನು ಅಪ್ಪ, ಅಮ್ಮ, ಅಜ್ಜಿ ಮೂವರೂ ಒಂಥರಾ ನೋಡಿದರು.

ಭಾನುವಾರ ಬೆಳಿಗ್ಗೆ ಗುಜರಿಯವನು ಕಾರನ್ನು ಬಿಚ್ಚಿ ಒಯ್ಯಲು ತಳ್ಳುಗಾಡಿ ತಂದ. ಎಲ್ಲರೂ ತಳ್ಳಿ ಕಾರನ್ನು ಅಂಗಳಕ್ಕೆ ತಂದರು. ಮುಂದಿನ ಮುಚ್ಚಳ ತೆರೆದೇ ಇತ್ತು. ಗಾಳಿಯ ಫಿಲ್ಟರು ತೊಳೆದದ್ದು ಒಣಗಿರಲಿಲ್ಲವಾದ್ದರಿಂದ ಅದನ್ನಿನ್ನೂ ಹಾಕಿರಲಿಲ್ಲ. ಎರವಲು ತಂದ ಬ್ಯಾಟರಿ ಸೇರಿಸಿ, ಸೀಟಿನಲ್ಲಿ ಕೂತು ಕೀಲಿ ತಿರುಗಿಸಿದೆ.

ಕೆಮ್ಮಿತು. ಮತ್ತೆ ಕೆಮ್ಮಿತು. ಎದ್ದಿತು!

ನನ್ನ ಕಣ್ಣಲ್ಲಿ ನೀರು ಬಂತು. ಅಪ್ಪ ಬಾಯಿ ತೆರೆದವರು ಮುಚ್ಚಲಿಲ್ಲ. ಆದರೆ ಇಂಜಿನ್ನೂ ಬಾಯಿ ಮುಚ್ಚಲಿಲ್ಲ. ನಾನು ಕಾಲೊತ್ತದೆಯೇ ಅದರ ಸದ್ದು ಏರಿತು. ಇನ್ನೂ ಏರಿತು. ಹಿಂದಿನ ಕೊಳವೆಯಿಂದ ಬೀದಿಯಗಲ ಹೊಗೆ ನುಗ್ಗಿತು. ಗಾಬರಿಯಿಂದ ಕೀಲಿ ಕಿತ್ತೆ. ಕೀಲಿ ನನ್ನ ಅಂಗೈಯಲ್ಲಿದೆ, ಇಂಜಿನ್ ಮಾತ್ರ ಆಕಾಶಕ್ಕೆ ಹೊರಟಂತೆ ಅರಚುತ್ತಿದೆ!

“ಆರಿಸೇ!” ಅಪ್ಪ ಕಿವಿ ಮುಚ್ಚಿಕೊಂಡು ಕುಣಿದರು.

ಕೀಲಿ ಎತ್ತಿ ತೋರಿಸಿದೆ. ಅಪ್ಪನ ಮುಖ ಸುಣ್ಣವಾಯಿತು. “ರಾತ್ರಿ ನಾನು ಹಾಕಿದ್ದು ಒಂದೇ ಒಂದು ಡಬ್ಬಿ ಆಯಿಲ್ ಕಣೇ! ಪಾಪ, ಕಡಿಮೆ ಆಗದಿರ್ಲಿ ಅಂತ!”

“ಏನಂದ್ರಿ? ನೀವೂ ಹಾಕಿದ್ರಾ?” ತಿಂಡಿಯ ತಟ್ಟೆ ಹಿಡಿದು ಬಂದ ಅಮ್ಮ ಚೀರಿದರು. “ಬೆಳಿಗ್ಗೆ ನಾನೂ ಒಂದು ಡಬ್ಬಿ ಸುರಿದೆನಲ್ರೀ!”

“ನಾನು ಹರಳೆಣ್ಣೆ ಹಾಕಿದೆ,” ಎಂದರು ಅಜ್ಜಿ ಗಂಭೀರವಾಗಿ. “ಹೊಟ್ಟೇಲಿ ಕೊಳೆ ಇತ್ತಂತಲ್ಲ.”

ನನಗೆ ಸಿಡಿಲು ಬಡಿದಂತಾಯಿತು. ಹೊಟ್ಟೆ ಬಿರಿಯುವಷ್ಟು ಎಣ್ಣೆ ಕುಡಿದ ಡೀಸೆಲ್ ಇಂಜಿನ್ ಆ ಎಣ್ಣೆಯನ್ನೇ ಉರಿಸುತ್ತಾ ಸಿಡಿಯುವವರೆಗೂ ಓಡುತ್ತದೆ ಎಂದು ಪುಸ್ತಕದಲ್ಲಿತ್ತು. ಉಳಿಸುವ ದಾರಿ ಒಂದೇ: ಗಾಳಿ ಎಳೆಯುವ ಕೊಳವೆಯ ಬಾಯಿ ಮುಚ್ಚಬೇಕು.

“ಬಾಯಿ ಮುಚ್ಚಿ,” ಎಂದೆ. ಅದು ನನಗೇ ಕೇಳಿಸಲಿಲ್ಲ. ಕಾರು ಗಡಗಡ ನಡುಗಿತು. ನನ್ನ ಇಡೀ ವಾರದ ದುಡಿಮೆ ಚೂರಾಗಲು ಇನ್ನೊಂದೇ ಗಳಿಗೆಯಿತ್ತು. ಆಗ ನನ್ನೊಳಗೆ ಎಂದಿನಿಂದಲೋ ಹೆಪ್ಪುಗಟ್ಟಿದ್ದ ಯಾವುದೋ ರಾಡಿ ಕಿತ್ತುಕೊಂಡು ಬಂತು.

“ಅಪ್ಪಾ! ಗಾಳಿ ಕೊಳವೆ ಬಾಯಿ ಮುಚ್ಚೀ! ಅಮ್ಮನ ತಟ್ಟೆ ತಗೊಳ್ಳೀ! ತಿಂಡಿ ಹಾಳಾಗ್ಲೀ, ತಟ್ಟೆ ಒತ್ತೀ!”

ಅಪ್ಪ ತಟ್ಟೆ ಕಸಿದು ಒತ್ತಿದರು. ಅದು ಗಪ್ಪನೆ ಕೊಳವೆಗೆ ಕಚ್ಚಿಕೊಂಡಿತು. ಇಂಜಿನ್ ಒಮ್ಮೆ ಬಿಕ್ಕಿ ಸುಮ್ಮನಾಯಿತು.

ಗುಜರಿಯವನು ಹೆದರಿ ಕಾಂಪೌಂಡು ಗೋಡೆ ಏರಿದ್ದ. “ಜೀವ ಇರೋದನ್ನ ನಾನು ಒಯ್ಯಲ್ಲ ಸಾರ್,” ಎಂದು ಆಚೆಗೆ ಹಾರಿ, ಗಾಡಿ ತಳ್ಳಿಕೊಂಡು ಓಡಿದ.

ಗೆದ್ದೆ! ಅಪ್ಪನ ಕಡೆ ನೋಡಿದೆ. ಅವರು ನನ್ನ ಕಡೆ ನೋಡುತ್ತಿರಲಿಲ್ಲ. ಹೊಗೆ ಸರಿದಾಗ ನಮ್ಮ ಗೇಟಿನಲ್ಲಿ ಲೆಕ್ಕದ ಮೇಷ್ಟ್ರು ನಿಂತಿದ್ದರು. ಕೈಯಲ್ಲಿ ಒಣಹಾಕಿದ್ದ ಬಿಳಿ ಅಂಗಿ, ಈಗ ಬೂದಿ ಬಣ್ಣದ್ದು.

“ಈಗ ಕೂಗಿದ್ದು ಯಾರು?”

“ನಮ್ಮ ಹುಡುಗಿ ಸಾರ್!” ಎಂದರು ಅಪ್ಪ, ಎದೆಯುಬ್ಬಿಸಿ.

“ಇಷ್ಟು ದಿನ ಕ್ಲಾಸಲ್ಲಿ ಎದುರಿಗೇ ಇದ್ರೂ ಕೇಳಿಸ್ಲಿಲ್ಲ. ಇವತ್ತು ಕಿಟಕಿ ಮುಚ್ಚಿದ್ರೂ ಕೇಳಿಸ್ತು,” ಎಂದರು ಮೇಷ್ಟ್ರು. “ನಾಳೆ ಬಾಮ್ಮ. ಹಾಜರಿ ಕೂಗ್ತೀನಿ.”

“ಅಪ್ಪ ಮಾತು ಕೊಟ್ಟಿದ್ದಾರೆ!” ಎನ್ನಲು ಎದೆ ತುಂಬ ಉಸಿರೆಳೆದೆ. ಆದರೆ ಇದ್ದಬದ್ದ ದನಿಯೆಲ್ಲ ತಟ್ಟೆಗೇ ಖರ್ಚಾಗಿತ್ತು. ಬರೀ ಗಾಳಿ ಬಂತು. ವಕ್ತಾರರ ಕಡೆ ಆಸೆಯಿಂದ ತಿರುಗಿದೆ. ಅಜ್ಜಿ ಕಣ್ಣು ತಪ್ಪಿಸಿದರು.

“ಮೌನಂ ಸಮ್ಮತಿ ಲಕ್ಷಣಂ,” ಎಂದರು ಅಪ್ಪ. “ನೋಡಮ್ಮ, ನಾನು ಮಾತು ತಪ್ಪಲಿಲ್ಲ. ಶಾಲೆ ಮಾತು ಎತ್ತಿದ್ದು ಮೇಷ್ಟ್ರು. ಜಾಸ್ತಿ ಆಯಿಲ್ ಇವತ್ತೇ ತೆಗೆದುಬಿಡು. ನಾಳೆ ನಿನ್ನ ಬಿಡೋಕೆ ಕಾರು ಬೇಕಲ್ಲ!”