ಎಲ್ಲಾದರೂ ಹೊಕ್ಕು ಬಾ

ಶನಿವಾರ ಬೆಳಿಗ್ಗೆ ಒನೊಫ್ರೆ ತನ್ನ ಆಫೀಸಿನ ಮೇಡಂ ಅವರ ತಾಯಿಯ ಅಂತಿಮ ದರ್ಶನಕ್ಕೆ ಹೋಗಿದ್ದು ತಪ್ಪಲ್ಲ. ಹೋದದ್ದನ್ನು ಫೋನಿನಲ್ಲಿ ಅತ್ತೆಗೆ ಹೇಳಿದ್ದು ತಪ್ಪು.

ಹೋಗದೆ ಇರುವ ಹಾಗೂ ಇರಲಿಲ್ಲ. ಅವನು ದುಡಿಯುವ ಮರಿಕಿನಾ ಊರಿನ ಶೂ ಕಾರ್ಖಾನೆಯಲ್ಲಿ ಮೇಡಂ ಒಪ್ಪದೆ ಒಂದು ಮೊಳೆಯೂ ಅಲ್ಲಾಡುವುದಿಲ್ಲ. ಮುದುಕಿಯನ್ನು ಮನೆಯಲ್ಲೇ ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಮಲಗಿಸಿ, ಬಂದವರಿಗೆಲ್ಲ ಕಾಫಿ ಬಿಸ್ಕತ್ತು ಕೊಡುತ್ತ ವಾರವಾಗುತ್ತ ಬಂದಿತ್ತು. ಮರುದಿನ ಮಣ್ಣು. ಆಫೀಸಿನವರೆಲ್ಲ ಒಟ್ಟಾಗಿ ಹೊರಟಾಗ ಇವನೊಬ್ಬ ತಪ್ಪಿಸಿಕೊಂಡರೆ ಮೇಡಂ ಕಣ್ಣು ಬಂದವರನ್ನು ಬಿಟ್ಟು ಬಾರದವನನ್ನೇ ಹುಡುಕುತ್ತದೆ.

ಅದೇ ದಿನ ಅವನ ಮಗಳು ಮನೆಗೆ ಬರುವವಳಿದ್ದಳು. ಹೆಂಡತಿ ಮರಿವಿಕ್ ಹೆರಿಗೆಗೆ ದೂರದ ನಾಗಾ ಊರಿನ ತವರಿಗೆ ಹೋಗಿದ್ದಳು. ಮಗು ಹುಟ್ಟಿದ ಸುದ್ದಿ ತಿಳಿದು ಒನೊಫ್ರೆ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಓಡಿದ. ಬಸ್ಸಿನ ಎ.ಸಿ. ಗಾಳಿಗೆ ಕೆಮ್ಮು ಹತ್ತಿತು. ಅತ್ತೆ ಪುರಿಂಗ್ ಅವನನ್ನು ಸೊಳ್ಳೆ ಪರದೆಯ ಆಚೆಗೇ ನಿಲ್ಲಿಸಿದರು. ಪರದೆಯೊಳಗೆ ಒಂದು ಕೆಂಪು ಮುಷ್ಟಿ ಮಾತ್ರ ಕಾಣುತ್ತಿತ್ತು. ಅಷ್ಟನ್ನೇ ನೋಡಿಕೊಂಡು ವಾಪಸು ಬಂದ. ಅಂದಿನಿಂದ ಅವಳನ್ನು ಎತ್ತಿಕೊಳ್ಳುವುದೊಂದು ಬಿಟ್ಟು ಅವನ ತೋಳುಗಳಿಗೆ ಬೇರೆ ಆಸೆಯೇ ಇಲ್ಲ.

ಈಗ ಅತ್ತೆಯ ತಮ್ಮನ ವ್ಯಾನಿನಲ್ಲಿ ಮೂವರೂ ಬರುತ್ತಿದ್ದರು. ಆ ವ್ಯಾನು ಸಂಜೆಗೆ ಮತ್ತೆ ನಾಗಾಕ್ಕೆ ಹೊರಡುತ್ತದೆ. ಒನೊಫ್ರೆಯ ದಿಗಿಲಿಗೆ ಕಾರಣ ಅದೇ. ಅತ್ತೆಗೆ ಮರಿಕಿನಾದ ಗಾಳಿ, ನೀರು, ಅಳಿಯ, ಯಾವುದೂ ಸರಿಬರುವುದಿಲ್ಲ. ಮಗಳು ಮೊಮ್ಮಗಳನ್ನು ಅದೇ ವ್ಯಾನಿನಲ್ಲಿ ವಾಪಸು ಒಯ್ಯಲು ಒಂದು ನೆಪ ಸಿಕ್ಕಿದರೆ ಸಾಕು ಎಂದು ಕಾದಿದ್ದರು. ಆ ನೆಪವನ್ನು ಅಳಿಯನೇ ತಟ್ಟೆಯಲ್ಲಿಟ್ಟು ಕೊಟ್ಟ.

"ಸಾವಿನ ಮನೆಗಾ? ಇವತ್ತೇ?" ಫೋನಿನಲ್ಲಿ ಅತ್ತೆಯ ಧ್ವನಿ ವ್ಯಾನಿನ ಹಾರನ್ನಿಗಿಂತ ಜೋರಾಗಿತ್ತು. "ಹಸುಗೂಸು ಬರ್ತಿದೆ ಅನ್ನೋ ಪರಿಜ್ಞಾನ ಇಲ್ವೇನಪ್ಪ ನಿನಗೆ?"

"ಮೇಡಂ ತಾಯಿ, ಅತ್ತೆ. ಹೋಗದೇ ಇದ್ರೆ..."

"ಆಯ್ತು, ಹೋಗಿದ್ದಾಯ್ತು. ನೇರ ಮನೆಗೆ ಮಾತ್ರ ಕಾಲಿಡಬೇಡ. ಎಲ್ಲಾದ್ರೂ ಹೊಕ್ಕು, ಏನಾದ್ರೂ ತಿಂದು, ಚೆನ್ನಾಗಿ ಕೊಡವಿಕೊಂಡು ಬಾ. ಆ ಮುದುಕಿ ನಿನ್ನ ಬೆನ್ನಿಗೆ ಬಿದ್ದು ನನ್ನ ಮೊಮ್ಮಗಳ ತೊಟ್ಟಿಲ ಹತ್ರ ಬಂದ್ಲೋ, ಇದೇ ವ್ಯಾನು, ಇದೇ ದಾರಿ!"

ಇದನ್ನು ಅತ್ತೆ ಹೇಳಿಕೊಡಬೇಕಾಗಿರಲಿಲ್ಲ. ಸಾವಿನ ಮನೆಯಿಂದ ನೇರ ತನ್ನ ಮನೆಗೆ ಹೋಗುವ ಧೈರ್ಯ ನಮ್ಮ ಊರಲ್ಲಿ ಯಾರಿಗಿದೆ? ಹೋದರೆ ಸತ್ತವರು ಹಿಂದೆಯೇ ಬರುತ್ತಾರೆ. ನಡುವೆ ಎಲ್ಲಾದರೂ ಕೂತು, ಒಂದಿಷ್ಟು ತಿಂದು, ಅವರನ್ನು ಅಲ್ಲೇ ಬಿಟ್ಟು ಬರಬೇಕು. ಇದಕ್ಕೆ ಪಗ್ಪಗ್ ಎನ್ನುತ್ತಾರೆ, ಮೈ ಕೊಡವಿಕೊಳ್ಳುವುದು. ದೇವರನ್ನು ನಂಬದವರೂ ಇದನ್ನು ನಂಬುತ್ತಾರೆ. ಊರಿನ ಅರ್ಧ ತಿಂಡಿ ಅಂಗಡಿಗಳು ಬದುಕಿರುವುದು ಸತ್ತವರಿಂದಲೇ.

ಮೇಡಂ ಮನೆಯ ಗೇಟಿನಾಚೆ ಬರುವಷ್ಟರಲ್ಲಿ ಆಫೀಸಿನವರು ಒನೊಫ್ರೆಯನ್ನು ಸುತ್ತಿಕೊಂಡರು. ಯಾವ ಸಂದಿಯಲ್ಲಿ ಯಾವ ಅಜ್ಜಿ ಯಾವ ವಾರ ಏನು ಬೇಯಿಸುತ್ತಾಳೆ, ಯಾವ ಚರ್ಚಿನಂಗಳದಲ್ಲಿ ಭಾನುವಾರದ ಸಂತೆ, ಎಲ್ಲಿ ಹಾಡುವ ಸ್ಪರ್ಧೆ, ಅವನಿಗೆ ತಿಳಿಯದ್ದಿಲ್ಲ. ಶನಿವಾರ ಬಂತೆಂದರೆ ಅವನನ್ನು ಕೇಳದೆ ಅವರು ಚಮಚ ಎತ್ತುತ್ತಿರಲಿಲ್ಲ.

"ಎಲ್ಲಿಗೆ ಮಾರಾಯ ಇವತ್ತು?" ಎಂದ ಗೋದಾಮಿನ ಟಿಬುರ್ಸಿಯೊ, ಹೊಟ್ಟೆ ಸವರಿಕೊಳ್ಳುತ್ತ. "ಮೇಡಂ ಅಮ್ಮ ಬಲು ಭಾರ. ಒಳ್ಳೇ ಊಟ ಬಿದ್ರೇನೇ ಇಳಿಯೋದು."

ಇವರ ಜೊತೆ ಕೂತರೆ ಸಂಜೆಯಾಗುತ್ತದೆ ಎಂದು ಒನೊಫ್ರೆಗೆ ಗೊತ್ತು. "ನನಗೆ ಹೊಟ್ಟೆ ಸರಿಯಿಲ್ಲ ಕಣ್ರೋ. ನೀವೇ ಎಲ್ಲಾದ್ರೂ ನೋಡ್ಕೊಳ್ಳಿ" ಎಂದ.

"ನಾವು ನೋಡ್ಕೊಳ್ಳೋದಾ? ನಾವು ನೋಡ್ಕೊಂಡ ಕಡೆ ಹೋದ್ಸಲ ಸೂಪಲ್ಲಿ ಬಳೆ ಸಿಕ್ಕಿತ್ತು!" ಎಂದಳು ಲೆಕ್ಕಪತ್ರದ ಲಿಗಾಯಾ. ಒನೊಫ್ರೆ ಆಗಲೇ ಬೈಕಿಗೆ ಪುಟ್ಟ ಡಬ್ಬಿ ಜೋಡಿಸಿದ ಬಾಡಿಗೆ ಟ್ರೈಸಿಕಲ್ಲಿನೊಳಗೆ ಮಡಿಚಿಕೊಂಡು ಕೂತಾಗಿತ್ತು.

ಅವನು ನೇರ ಹೋದದ್ದು ಮಾರ್ಕೆಟ್ಟಿನ ಹಿಂದಿನ ಬೆಬಾಂಗ್ ಅಕ್ಕನ ಗಂಜಿ ಅಂಗಡಿಗೆ. ಕರುಳು ಹಾಕಿ ಬೇಯಿಸಿದ ಆಕೆಯ ಗೋತೋ ಗಂಜಿಯನ್ನು ನಿಂತೇ ಕುಡಿದು ಹೊರಬೀಳಬಹುದು. ಆದರೆ ಇವತ್ತು ಒಲೆ ಆರಿತ್ತು. ಬಾಗಿಲಲ್ಲಿ ಜನ. ಯಾರೋ ಅವನ ಕೈಗೆ ಕಾಫಿ ಲೋಟ ಕೊಟ್ಟರು, ಇನ್ಯಾರೋ ಬಿಸ್ಕತ್ತು ಕೊಟ್ಟರು. ಈ ಕಾಫಿ, ಈ ಬಿಸ್ಕತ್ತು ಈಗ ತಾನೇ ಎಲ್ಲೋ ಕಂಡಿದ್ದೆನಲ್ಲ ಎಂದುಕೊಳ್ಳುವಷ್ಟರಲ್ಲಿ ಗಂಜಿ ಹಂಡೆಯ ಜಾಗದಲ್ಲಿ ಗಾಜಿನ ಮುಚ್ಚಳ ಹೊಳೆಯಿತು.

"ಬಂದ್ಯಾ ತಮ್ಮಾ?" ಬೆಬಾಂಗ್ ಅಕ್ಕ ಅವನ ಕೊರಳಿಗೆ ಬಿದ್ದು ಅತ್ತಳು. "ಗಿರಾಕಿಗಳಲ್ಲಿ ನೀನೊಬ್ಬ ಬಂದೇ ಬರ್ತೀಯ ಅಂತ ಹೇಳ್ತಿದ್ದೆ. ಬಾ, ನಿಮ್ಮ ಭಾವನ ಮುಖ ನೋಡು. ನಗ್ತಾ ಇರೋ ಹಾಗಿದೆ."

ಒನೊಫ್ರೆಗೆ ಓಡಿಹೋಗಬೇಕೆನಿಸಿತು, ಹಾಗೆ ಅನಿಸಿದ್ದಕ್ಕೆ ನಾಚಿಕೆಯೂ ಆಯಿತು. ಎಷ್ಟೋ ವರ್ಷ ಆ ಮನುಷ್ಯ ಇವನ ಬಟ್ಟಲಿಗೆ ಒಂದು ತುಂಡು ಹೆಚ್ಚಿಗೆ ಹಾಕಿದ್ದ. ನಿಂತ, ಮುಖ ನೋಡಿದ, ಕಣ್ಣೀರು ನಿಜವಾಗಿಯೇ ಬಂತು. ಹೊರಗೆ ಬಂದು ಅತ್ತೆಗೆ ಫೋನು ಹಚ್ಚಿದ.

"ಕೊಡವಿಕೊಳ್ಳೋಕೆ ಹೋಗಿ ಇನ್ನೊಂದನ್ನ ಹತ್ತಿಸ್ಕೊಂಡ್ಯಾ!" ಎಂದರು ಅತ್ತೆ. "ಈಗ ಹಿಂದೆ ಇಬ್ಬರಾದ್ರು. ಲೋಟದ ಕಾಫಿಗೆಲ್ಲ ಇಬ್ಬರು ಇಳಿಯಲ್ಲ. ತಟ್ಟೆ ತುಂಬ ಊಟ ಮಾಡು."

ಫೋನು ಇಟ್ಟದ್ದೇ ಮತ್ತೆ ಬಡಿದುಕೊಂಡಿತು. ಲಿಗಾಯಾ. ಎಲ್ಲಿ ತಿನ್ನೋಣ ಎಂದು ಕೇಳಲು ಇರಬೇಕು. ಇವನು ಕತ್ತರಿಸಿದ.

ನದಿಯಾಚೆಯ ಬಡಾವಣೆಯಲ್ಲಿ ಅಂದು ಸಂತನ ಹಬ್ಬ. ಬೀದಿಗೆ ಅಡ್ಡಡ್ಡ ಬಣ್ಣದ ಪತಾಕೆ, ಮುಂದೆ ಬ್ಯಾಂಡು, ಮನೆಮನೆಯಲ್ಲೂ ತೆರೆದ ಬಾಗಿಲು. ಹಬ್ಬದ ದಿನ ಅಲ್ಲಿ ನೀನು ಯಾರು ಎಂದು ಕೇಳುವವರಿಲ್ಲ, ಯಾಕೆ ತಿನ್ನುತ್ತಿಲ್ಲ ಎಂದು ಕೇಳುವವರೇ ಎಲ್ಲ. ಒನೊಫ್ರೆ ಬೀದಿಗೆ ಕಾಲಿಟ್ಟದ್ದೇ ಬನಿಯನ್ನಿನ ಗಂಡಸೊಬ್ಬ ಅವನ ರಟ್ಟೆ ಹಿಡಿದ.

"ಖಾಲಿ ಹೊಟ್ಟೇಲಿ ನಮ್ಮ ಬೀದಿ ದಾಟೋ ಹಾಗಿಲ್ಲ! ಬನ್ನಿ ಒಳಗೆ!"

ಒಳಗೆ ಮೇಜು ಕಾಣದಷ್ಟು ಅಡುಗೆ. ಕಡಲೆಕಾಯಿ ಸಾರಿನಲ್ಲಿ ಬೆಂದ ಎತ್ತಿನ ಬಾಲ, ಹಂದಿಯ ಗರಿಗರಿ ಚರ್ಮ, ಬೆಟ್ಟದಷ್ಟು ಅನ್ನ. ಒನೊಫ್ರೆ ಇಬ್ಬರ ಪಾಲಿನದನ್ನು ತಿಂದ. ಒಂದು ತುತ್ತು ಮೇಡಂ ತಾಯಿಗೆ, ಒಂದು ತುತ್ತು ಬೆಬಾಂಗ್ ಅಕ್ಕನ ಗಂಡನಿಗೆ ಎಂದು ಮನಸ್ಸಿನಲ್ಲೇ ಬೀಳ್ಕೊಡುತ್ತ ಹೋದ. ಬೆನ್ನು ಹಗುರಾದಂತೆ ಅನಿಸಿತು. ಎದ್ದು ಮನೆಯೊಡತಿಗೆ, "ಹಬ್ಬ ಅಂದ್ರೆ ಇದು ಅಮ್ಮಾ" ಎಂದ.

"ಹಬ್ಬಾನೂ ಹೌದು, ನಮ್ಮ ಯಜಮಾನರು ಹೋಗಿ ಇವತ್ತಿಗೆ ವರ್ಷ ಆಯ್ತು, ಅದೂ ಹೌದು" ಎಂದು ಆಕೆ ಕಣ್ಣೊರೆಸಿಕೊಂಡಳು. "ಸೂತಕದ ಕಪ್ಪು ಬಟ್ಟೆ ಇವತ್ತೇ ಬಿಟ್ಟೆ. ನೋಡಿ, ಅಲ್ಲೇ ಇದ್ದಾರೆ."

ಒನೊಫ್ರೆಯ ಹಿಂದೆ, ಇಷ್ಟು ಹೊತ್ತು ಅವನು ಬೆನ್ನು ಕೊಟ್ಟು ಕೂತಿದ್ದ ಗೋಡೆಯ ಮೇಲೆ, ಮೀಸೆಯ ಗಂಡಸೊಬ್ಬ ಫೋಟೋದಿಂದ ಅವನ ತಟ್ಟೆಯನ್ನೇ ನೋಡುತ್ತಿದ್ದ.

"ಹೆಣ ಇತ್ತಾ?" ಫೋನಿನಲ್ಲಿ ಅತ್ತೆಯ ವಿಚಾರಣೆ ಶುರುವಾಯಿತು.

"ಇಲ್ಲ ಅತ್ತೆ. ಬರೀ ಫೋಟೋ."

"ಮೇಣದಬತ್ತಿ?"

"ಅದು... ಹಚ್ಚಿದ್ರು."

ಅತ್ತೆಯ ಹಿಂದಿನಿಂದ ಮಗು ಅಳುವುದು ಕೇಳಿಸಿತು. ಒನೊಫ್ರೆ ಫೋನನ್ನು ಕಿವಿಗೆ ಒತ್ತಿಕೊಂಡ. ಮಗಳ ದನಿಯನ್ನು ಅವನು ಕೇಳಿದ್ದು ಅದೇ ಮೊದಲು.

"ಅರ್ಧ ಲೆಕ್ಕ" ಎಂದು ತೀರ್ಪು ಬಂತು. "ಅರ್ಧ ಆದ್ರೂ ಸತ್ತೋರು ಸತ್ತೋರೇ. ನಾವು ಊರೊಳಗೆ ಬಂದ್ವಿ. ಇನ್ನೊಂದು ಕಡೆ ಹೊಕ್ಕು ಬಾ. ಜನ ಸಾಯದೇ ಇರೋ ಅಂಥ ಜಾಗ ನೋಡ್ಕೋ!"

ಜನ ಸಾಯದ ಜಾಗ ಎಂದರೆ ಮಾಲ್ ಎಂದು ಒನೊಫ್ರೆಗೆ ಹೊಳೆಯಿತು. ಅಲ್ಲಿ ತಣ್ಣನೆ ಗಾಳಿ, ಹಾಡು, ಕೆಳಗೆ ಮಕ್ಕಳ ನೃತ್ಯ ಸ್ಪರ್ಧೆ. ಹೊಟ್ಟೆಯಲ್ಲಿ ಸಾಸಿವೆಗೂ ಎಡೆಯಿರಲಿಲ್ಲ. ಆದರೂ ಕೋಳಿ, ಅನ್ನ ತೆಗೆದುಕೊಂಡು ಕೂತ. ಮದ್ದು ನುಂಗುವವನಂತೆ ಕಣ್ಣು ಮುಚ್ಚಿ ನುಂಗಿದ. ಲಿಗಾಯಾಳ ಕರೆ ಮತ್ತೆ ಬಂತು, ಟಿಬುರ್ಸಿಯೊನದೂ ಬಂತು. ತಿಂಡಿಪೋತರು ಎಂದು ಬೈದು ಎರಡನ್ನೂ ಕತ್ತರಿಸಿದ. ಆಮೇಲೆ ಕರೆಗಳು ನಿಂತವು.

ಕೊನೆಯ ತುತ್ತಿನ ಹೊತ್ತಿಗೆ ಎದುರು ಕುರ್ಚಿಯಲ್ಲಿ ಚೆಂದದ ಹುಡುಗಿಯೊಬ್ಬಳು ಬಂದು ಕೂತಳು. "ಅಣ್ಣಾ, ಒಂದೇ ನಿಮಿಷ. ನಿಮ್ಮ ನಾಳೆಯ ಬಗ್ಗೆ ಯೋಚನೆ ಮಾಡಿದ್ದೀರಾ?"

"ನನಗೆ ಇವತ್ತಿನದೇ ಸಾಕಾಗಿದೆ ತಂಗಿ."

"ಗುಡ್ಡದ ಮೇಲೆ ಜಾಗ, ಅಣ್ಣಾ. ಬೆಳಗಿನ ಬಿಸಿಲು ಬೀಳುತ್ತೆ, ಹುಲ್ಲು ನಾವೇ ಕತ್ತರಿಸ್ತೀವಿ. ಈ ತಿಂಗಳು ತಗೊಂಡ್ರೆ ಪಕ್ಕದಲ್ಲೇ ಅತ್ತಿಗೆಗೂ ಒಂದು. ಜೋಡಿ ಸಮಾಧಿ!"

ಒನೊಫ್ರೆ ಕುರ್ಚಿ ಬೀಳಿಸಿಕೊಂಡು ಎದ್ದ. ಈ ವಿಷಯ ಅತ್ತೆಗೆ ಹೇಳಲಿಲ್ಲ. ಇನ್ನೂ ಅಗೆಯದ ಗುಂಡಿಯಲ್ಲಿ ಯಾರೂ ಇರುವುದಿಲ್ಲ, ಇಲ್ಲದವರು ಹಿಂದೆ ಬರುವುದಿಲ್ಲ ಎಂದು ದಾರಿಯುದ್ದಕ್ಕೂ ತನಗೆ ತಾನೇ ವಕಾಲತ್ತು ಮಾಡಿಕೊಂಡ. ತನ್ನ ಬೀದಿಯ ತಿರುವಿನಲ್ಲಿ ಇಳಿದು ಸುತ್ತ ನೋಡಿದ, ಅಂಗಿ ಕೊಡವಿದ, ಪ್ಯಾಂಟು ಕೊಡವಿದ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ನಾಯಿಯಂತೆ ಒಮ್ಮೆ ಇಡೀ ಮೈ ಒದರಿದ.

ಮನೆ ಮುಂದೆ ವ್ಯಾನು ನಿಂತಿತ್ತು. ಬಾಗಿಲಲ್ಲಿ ಚಪ್ಪಲಿ, ಶೂಗಳ ರಾಶಿ. ನೆರೆಹೊರೆಯವರು ಮಗು ನೋಡಲು ಬಂದಿರಬೇಕೆಂದು ಅವನ ಎದೆ ತುಂಬಿ ಬಂತು. ಒಳಗಿಂದ ನಗು ಕೇಳಿಸುತ್ತಿತ್ತು, ಅದರಲ್ಲಿ ಅತ್ತೆಯ ನಗುವೂ ಇತ್ತು.

"ಬಂದ್ಯಾ? ಕೊಡವಿಕೊಂಡ್ಯಾ?" ಅತ್ತೆ ಸೌಟು ಹಿಡಿದೇ ಬಾಗಿಲಿಗೆ ಬಂದರು. ಮುಖ ಅರಳಿತ್ತು. "ಬಾರಪ್ಪಾ ಬಾ. ಎಷ್ಟು ಒಳ್ಳೇ ಜನ ನಿಮ್ಮ ಆಫೀಸಿನೋರು! ನಮ್ಮ ವ್ಯಾನು ನಿಂತ ಘಳಿಗೇಲೇ ಬಂದ್ರು. ಸಾಮಾನು ಇಳಿಸಿದ್ರು, ತೊಟ್ಟಿಲು ಕಟ್ಟಿದ್ರು. ಮಗೂನ ಒಬ್ಬರಾದ ಮೇಲೆ ಒಬ್ಬರು ಎತ್ತಿ ಆಡಿಸಿದ್ದೇ ಆಡಿಸಿದ್ದು. ಇಂಥ ಜನ ಇರೋ ಊರನ್ನ ಸುಮ್ಮನೆ ಬೈದೆ ಅನ್ನಿಸ್ತು ನನಗೆ."

ಒನೊಫ್ರೆ ಒಳಗೆ ನೋಡಿದ. ಸೋಫಾದ ಮೇಲೆ ಟಿಬುರ್ಸಿಯೊ, ಮಡಿಲಲ್ಲಿ ಶಾವಿಗೆಯ ತಟ್ಟೆ. ನೆಲದ ಮೇಲೆ ಗೋದಾಮಿನ ಉಳಿದವರು. ಕಿಟಕಿ ಪಕ್ಕ ಲಿಗಾಯಾ. ಎಲ್ಲರ ಮೈಮೇಲೂ ಬೆಳಿಗ್ಗೆ ಸಾವಿನ ಮನೆಗೆ ತೊಟ್ಟಿದ್ದ ಅದೇ ಕಪ್ಪು ಬಿಳಿ ಬಟ್ಟೆ. ಒನೊಫ್ರೆ ಒಳಗೆ ಕಾಲಿಡದೆ ಮೆಟ್ಟಿಲಲ್ಲೇ ನಿಂತ. ಲಿಗಾಯಾ ಬಾಯಿ ತೆರೆಯುವುದನ್ನು ಕಂಡು ಕಣ್ಣಿನಲ್ಲಿ, ಹುಬ್ಬಿನಲ್ಲಿ, ಕೊನೆಗೆ ಕಿವಿಯಲ್ಲೂ ಸುಮ್ಮನಿರೆಂದು ಸನ್ನೆ ಮಾಡಿದ.

"ಏನು, ಮೆಟ್ಟಿಲಲ್ಲೇ ನಿಂತುಬಿಟ್ಟೆ?" ಮರಿವಿಕ್ ನಗುತ್ತ ಬಾಗಿಲಿಗೆ ಬಂದಳು. ಅವಳ ತೋಳಿನಲ್ಲಿ ಬಿಳಿ ಬಟ್ಟೆಯ ಗಂಟು. "ಕೈ ಚಾಚು ಒನೋ. ತಲೆ ಕೆಳಗೆ ಹೀಗೆ ಹಿಡ್ಕೋ. ತಗೋ ನಿನ್ನ ಮಗಳನ್ನ."

ಒನೊಫ್ರೆ ಕೈ ಚಾಚಿದ. ಬಟ್ಟೆಯ ಬಿಸುಪು ಬೆರಳ ತುದಿಗೆ ತಾಗಿತು.

"ನಿನಗೆ ಎಷ್ಟು ಸಲ ಫೋನ್ ಮಾಡೋದು ಪುಣ್ಯಾತ್ಮ?" ಎಂದ ಟಿಬುರ್ಸಿಯೊ, ಬಾಯಿ ತುಂಬ ಶಾವಿಗೆ ತುಂಬಿಕೊಂಡೇ. "ಮೇಡಂ ಅಮ್ಮನ್ನ ಎಲ್ಲಿ ಕೊಡವೋದು ಅಂತ ಬೀದಿಬೀದಿ ಅಲೆದ್ವಿ. ಕೊನೆಗೆ ಲಿಗಾಯಾನೇ ಹೇಳಿದ್ಲು, ಒನೊಫ್ರೆ ಮನೇಗಿಂತ ಒಳ್ಳೇ ಜಾಗ ಯಾವುದು, ಮಗು ನೋಡ್ದ ಹಾಗೂ ಆಯ್ತು ಅಂತ."

ಸೌಟು ನೆಲಕ್ಕೆ ಬಿತ್ತು. ಬಟ್ಟೆಯ ಗಂಟು ಒನೊಫ್ರೆಯ ಕೈ ತಲುಪುವ ಮುನ್ನವೇ ಅತ್ತೆಯ ಎದೆಗೆ ಸೇರಿತ್ತು.

ಆಮೇಲಿನದೆಲ್ಲ ಬಹಳ ಬೇಗ ನಡೆದುಹೋಯಿತು. ಇಳಿಸಿದ ಸಾಮಾನು ವ್ಯಾನು ಹತ್ತಿತು. ಕಟ್ಟಿದ ತೊಟ್ಟಿಲು ಬಿಚ್ಚಿಕೊಂಡಿತು. "ನಾನೂ ಬರ್ತೀನಿ ಅತ್ತೆ" ಎಂದು ಒನೊಫ್ರೆ ವ್ಯಾನಿನ ಬಾಗಿಲು ಹಿಡಿದ.

"ಮುಟ್ಟಬೇಡ! ಇಡೀ ಮನೇಲಿ ಕೊಡವಿಕೊಂಡಿರೋನು ನೀನೊಬ್ಬನೇ. ನಮ್ಮ ಮೈಮೇಲಿರೋದನ್ನ ನಾವು ದಾರೀಲಿ ಎಲ್ಲಾದ್ರೂ ಇಳಿಸ್ಕೊಳ್ತೀವಿ. ಹೆದ್ದಾರಿಗೆ ಹೋಗೋ ದಾರೀಲಿ ತಿನ್ನೋಕೆ ಒಳ್ಳೇ ಜಾಗ ಯಾವುದಿದೆ, ಅದನ್ನಷ್ಟು ಹೇಳು."

ಒನೊಫ್ರೆ ಹೇಳಿದ. ಯಾವ ತಿರುವು, ಎಷ್ಟನೇ ಅಂಗಡಿ, ಅಲ್ಲಿ ಏನು ಚೆನ್ನಾಗಿರುತ್ತದೆ ಎಂಬುದನ್ನೂ ಹೇಳಿದ. ಮರಿವಿಕ್ ಕಿಟಕಿಯಿಂದ ಕೈ ಬೀಸಿದಳು, ಅಳುತ್ತಿದ್ದಳು. ಮಗುವಿನ ಮುಷ್ಟಿ ಕೂಡ ಈ ಸಲ ಕಾಣಲಿಲ್ಲ.

ವ್ಯಾನು ಮರೆಯಾದ ಮೇಲೆ ಆಫೀಸಿನವರು ಒಬ್ಬೊಬ್ಬರಾಗಿ ತಲೆ ತಗ್ಗಿಸಿ ಹೊರಗೆ ಬಂದರು. ಟಿಬುರ್ಸಿಯೊ ಒನೊಫ್ರೆಯ ಭುಜ ತಟ್ಟಿದ.

"ಬೇಜಾರು ಮಾಡ್ಕೋಬೇಡ ಮಾರಾಯ. ಶಾವಿಗೆ ಮಾತ್ರ ಬಹಳ ಚೆನ್ನಾಗಿತ್ತು. ನಮಗಂತೂ ಮೈ ಹಗುರ ಆಯ್ತಪ್ಪ, ಇನ್ನು ಮನೆ ಸೇರ್ಕೊಳ್ತೀವಿ."

ಅವರ ಮಾತು ಬೀದಿಯ ತುದಿಯಲ್ಲಿ ಕರಗಿತು. ಒನೊಫ್ರೆ ಬಹಳ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದ. ಆಮೇಲೆ ಎದ್ದು ಒಳಗೆ ಹೋಗಿ, ಸೌಟು ಎತ್ತಿಟ್ಟು, ಬಾಗಿಲು ಹಾಕಿಕೊಂಡ. ಆ ಮನೆಯಲ್ಲಿ ಈಗ ಉಳಿದವರು ಇಬ್ಬರೇ: ಒನೊಫ್ರೆ, ಮತ್ತು ಮೇಡಂ ಅವರ ತಾಯಿ.